ಹಲಗೆ ಎತ್ತುವ ಜಾಗ

ಲೂಚ್ಕಾ ಊರಿನ ವೆಂಡೆಲೀನ್ ಮೂವತ್ತೊಂದು ಚಳಿಗಾಲ ಹಿಮ ತಳ್ಳುವ ಲಾರಿ ಓಡಿಸಿದವನು. ಲಾರಿಯ ಮುಂದೆ ಕಬ್ಬಿಣದ ಅಗಲವಾದ ಹಲಗೆ, ಹಿಂದೆ ಎಂಟು ಟನ್ ಜಲ್ಲಿಪುಡಿ, ನಡುವೆ ನೆಲದಿಂದ ಆಳೆತ್ತರ ಮೇಲೆ ಅವನ ಆಸನ. ಊರಿನಿಂದ ಹೊರಟು ಯಾವೊರಿನಾ ಘಾಟಿಯ ಹನ್ನೊಂದು ತಿರುವುಗಳ ಹಿಮವನ್ನು ಬದಿಗೆ ತಳ್ಳುತ್ತ, ಹಿಂದಿನಿಂದ ಜಲ್ಲಿಪುಡಿ ಎರಚುತ್ತ ನೆತ್ತಿಗೆ ಹೋಗುವುದು. ಅಲ್ಲಿ ಜಿಲ್ಲೆಯ ಗಡಿ ತೋರಿಸುವ ಬಿಳಿ ಫಲಕದ ಬಳಿ ಹಲಗೆ ಎತ್ತಿ, ಲಾರಿ ತಿರುಗಿಸಿ, ಬಂದ ದಾರಿಯಲ್ಲೇ ಇಳಿಯುವುದು. ದಿನಕ್ಕೆ ನಾಲ್ಕು ಸಲ; ಹಿಮ ಜೋರಾದರೆ ಏಳೆಂಟು ಸಲ. ಫಲಕದ ಆಚೆಯ ಇಳಿಜಾರು ಬೇರೆ ಜಿಲ್ಲೆಯದು. ಅದಕ್ಕೆ ಬೇರೆ ಲಾರಿ, ಬೇರೆ ಚಾಲಕರು. ಬೇಸಿಗೆಯಲ್ಲಿ ವೆಂಡೆಲೀನ್ ಆ ಕಡೆ ಹೋಗಿಬಂದದ್ದುಂಟು. ಹಿಮ ಬಿದ್ದ ಮೇಲೆ ಮಾತ್ರ ಒಮ್ಮೆಯೂ ಆ ಫಲಕವನ್ನು ದಾಟಿದವನಲ್ಲ.

ಅಂಥವನು ನಿವೃತ್ತನಾದ ವರ್ಷವೇ ಒಂದು ಸ್ಪೋರ್ಟ್ಸ್ ಕಾರು ಕೊಂಡ. ಝಿಲಿನಾ ಪಟ್ಟಣದ ಹಲ್ಲಿನ ವೈದ್ಯರೊಬ್ಬರ ಬಳಿ ಹದಿನೆಂಟು ವರ್ಷ ಇದ್ದ ಕಾರು ಅದು. ಎರಡೇ ಆಸನ, ಬಟ್ಟೆಯ ಮಾಡು, ಕಡು ಹಸಿರು ಬಣ್ಣ. ಎಂಜಿನ್ ಮುಂದಿದ್ದರೂ ಅದರ ಬಲವೆಲ್ಲ ಹೋಗುವುದು ಹಿಂದಿನ ಎರಡು ಚಕ್ರಗಳಿಗೆ. ಮನೆಯಲ್ಲಿದ್ದ ಹಳೆಯ ಕಾರನ್ನು ಮಾರಿ ಅದನ್ನು ತಂದ ದಿನ ಪಕ್ಕದ ಮನೆಯ ಗುಸ್ತಾವ್ ಬೇಲಿಗೆ ಒರಗಿ ನಿಂತು ಬಹಳ ಹೊತ್ತು ನೋಡಿದ.

"ಇದೇನೋ ವೆಂಡೆಲೀನಾ, ಸ್ನಾನದ ತೊಟ್ಟಿಗೆ ಚಕ್ರ ಹಾಕಿಸ್ಕೊಂಡು ಬಂದಿದ್ದೀಯ?"

"ತೊಟ್ಟಿ ನಿಮ್ಮಪ್ಪಂದು. ಇದು ಓಡೋ ಕಾರು."

"ಓಡುತ್ತೆ ಬಿಡು. ಒಳಗೆ ಹೋದೋನು ಹೊರಗೆ ಬರೋದು ಹೇಗೆ ಅಂತ ಕೇಳಿದ್ದೀಯಾ ಮಾರಿದೋರನ್ನ?"

ಆ ಮಾತಿನಲ್ಲಿ ಸತ್ಯವಿತ್ತು. ಕಾರು ಅಷ್ಟು ತಗ್ಗು. ಅರವತ್ತೆರಡು ವರ್ಷದ ಮೊಣಕಾಲುಗಳು ಒಳಗೆ ಹೇಗೋ ಜಾರುತ್ತಿದ್ದವು. ಹೊರಬರಲು ಹೆಂಡತಿ ಸೆರಾಫೀನಾ ಕೈಹಿಡಿದು ಎಳೆಯಬೇಕಾಗುತ್ತಿತ್ತು. "ಬಾವಿಯಿಂದ ಬಕೆಟ್ ಸೇದಿದ ಹಾಗೆ ದಿನಾ ಸೇದ್ತೀನಿ ಇವನನ್ನ" ಎಂದು ಅವಳು ಬೇಕರಿಯ ಸಾಲಿನಲ್ಲಿ ನಿಂತು ಎಲ್ಲರಿಗೂ ಹೇಳುತ್ತಿದ್ದಳು. ವೆಂಡೆಲೀನ್ ನಗುತ್ತಿದ್ದ. ಅವನ ಆಸೆ ಬೇರೆಯವರಿಗೆ ತಿಳಿಯುವಂಥದ್ದಲ್ಲ. ಮೂವತ್ತೊಂದು ವರ್ಷ ರಸ್ತೆಯನ್ನು ಮೇಲಿನಿಂದ, ಗಂಟೆಗೆ ಇಪ್ಪತ್ತು ಕಿಲೋಮೀಟರ್ ವೇಗದಲ್ಲಿ ನೋಡಿದವನಿಗೆ ಒಮ್ಮೆ ಅದರ ಮೈಗೆ ಹತ್ತಿಕೊಂಡು ಓಡಬೇಕೆನಿಸಿತ್ತು, ಅಷ್ಟೆ.

ಇಂಥ ಕಾರನ್ನು ನಮ್ಮ ಕಡೆಯ ಬುದ್ಧಿವಂತರು ಅಕ್ಟೋಬರಿನಲ್ಲೇ ಕೊಟ್ಟಿಗೆಗೆ ನೂಕಿ, ಟಾರ್ಪಾಲು ಹೊದಿಸಿ, ಏಪ್ರಿಲಿನವರೆಗೆ ಅದರ ಮುಖ ನೋಡುವುದಿಲ್ಲ. ವೆಂಡೆಲೀನನೂ ಹಾಗೆಯೇ ಮಾಡಿದ್ದ. ಆದರೆ ಫೆಬ್ರವರಿಯಲ್ಲಿ ಮೊಮ್ಮಗಳ ದೀಕ್ಷಾಸ್ನಾನ ಗೊತ್ತಾಯಿತು. ಮಗಳು ಎತೆಲಾಳನ್ನು ಕೊಟ್ಟದ್ದು ಘಾಟಿಯ ಆಚೆಯ ಬೆಲಾ ಎಂಬ ಊರಿಗೆ. ಚಳಿಗಾಲದಲ್ಲಿ ಘಾಟಿಗೆ ಬಸ್ಸಿಲ್ಲ. ಸುತ್ತುಬಳಸಿ ಹೋದರೆ ತೊಂಬತ್ತು ಕಿಲೋಮೀಟರ್, ಮೂರು ಬಸ್ಸು.

ಅಪ್ಪ ಮಗಳ ನಡುವೆ ಒಂದು ಹಳೆಯ ಗಾಯವಿತ್ತು. ಈಸ್ಟರಿಗೆ ಮುಂಚಿನ ಉಪವಾಸದ ದಿನಗಳು ಬರುವುದರೊಳಗೆ ಮದುವೆ ಮುಗಿಸುವುದು ಇಲ್ಲಿಯ ಪದ್ಧತಿ. ಹಾಗಾಗಿ ಆರು ವರ್ಷದ ಹಿಂದೆ ಎತೆಲಾಳ ಮದುವೆಯೂ ಫೆಬ್ರವರಿಯಲ್ಲೇ ನಡೆದಿತ್ತು. ಅಂದು ವೆಂಡೆಲೀನ್ ಲಾರಿಯ ಮೇಲಿದ್ದ. ಬೇರೆ ಚಾಲಕನಿಗೆ ಜ್ವರ. ಬೆಲಾದಿಂದ ಹೊರಟ ವರನ ಕಡೆಯವರು ನೆತ್ತಿಗೆ ಮೂರು ಕಿಲೋಮೀಟರ್ ಇರುವಾಗ ಹಿಮದಲ್ಲಿ ಸಿಕ್ಕಿಕೊಂಡರು. ಬಿಳಿಯ ಉಡುಪು ತೊಟ್ಟು ಕುಳಿತಿದ್ದ ಎತೆಲಾ ಫೋನ್ ಮಾಡಿದಳು. "ಅಪ್ಪಾ, ಮೂರೇ ಕಿಲೋಮೀಟರ್. ಹಲಗೆ ಇಳಿಸ್ಕೊಂಡೇ ಹೋಗಿ ಅವರನ್ನ ಬಿಡಿಸ್ಕೊಂಡು ಬಾ." ವೆಂಡೆಲೀನ್ ಆಗ ಫಲಕದ ಬಳಿಯಲ್ಲೇ ಇದ್ದ. "ಇಲ್ಲಿಂದಾಚೆ ನನ್ನದಲ್ಲ ಮಗಳೇ" ಎಂದ. ಹಲಗೆ ಎತ್ತಿದ, ತಿರುಗಿಸಿದ. ವರ ಐದು ಗಂಟೆ ತಡವಾಗಿ ಬಂದ. ಅವನ ಅಜ್ಜಿ ಮಾತ್ರ ಚಳಿ ತಾಳಲಾರದೆ ಅರ್ಧ ದಾರಿಯಿಂದ ಹಿಂದಿರುಗಿದಳು. ಮೊಮ್ಮಗನ ಮದುವೆ ನೋಡದೆಯೇ ಆ ವಸಂತದಲ್ಲಿ ತೀರಿಕೊಂಡಳು.

ಆದ್ದರಿಂದ ಶುಕ್ರವಾರ ಎತೆಲಾ ಫೋನ್ ಮಾಡಿ, "ಶನಿವಾರವೇ ಬಂದುಬಿಡಿ, ಹಿಮ ಬರೋ ಹಾಗಿದೆ" ಎಂದಾಗ ವೆಂಡೆಲೀನ್ ಒಪ್ಪಬೇಕಿತ್ತು. ಒಪ್ಪಲಿಲ್ಲ. ಬೀಗರ ಮನೆಯಲ್ಲಿ ಇರುಳು ಕಳೆಯುವುದು ಅವನಿಗೆ ಬೇಡವಾಗಿತ್ತು; ಅಲ್ಲಿನ ಊಟದ ಮೇಜಿನ ಎದುರಿಗೇ ಆ ಅಜ್ಜಿಯ ಚಿತ್ರ ತೂಗುಹಾಕಿದ್ದರು.

"ಭಾನುವಾರ ಮಧ್ಯಾಹ್ನದವರೆಗೆ ಒಂದು ಚೂರೂ ಬೀಳಲ್ಲ ಕಣೆ. ನನ್ನ ಮೊಣಕಾಲು ಹೇಳ್ತಿದೆ."

"ನಿನ್ನ ಮೊಣಕಾಲಿಗೆ ಫಾದರ್ ಕಾಯಲ್ಲ ಅಪ್ಪ. ಅವರಿಗೆ ಆಮೇಲೆ ಇನ್ನೊಂದೂರಲ್ಲಿ ಪೂಜೆ ಇದೆ. ಹನ್ನೊಂದಕ್ಕೆ ಅಂದ್ರೆ ಹನ್ನೊಂದಕ್ಕೆ ಶುರು. ನನ್ನ ದೀಕ್ಷಾಸ್ನಾನಕ್ಕೂ ನೀನಿರಲಿಲ್ವಂತೆ, ಅಮ್ಮ ಹೇಳಿದಾಳೆ. ಮದುವೆಗೂ ಇರಲಿಲ್ಲ. ಬಂದ್ರೆ ಬಾ, ಬಿಟ್ರೆ ಬಿಡು. ಇನ್ನೊಂದು ಸಲ ಕರೆಯಲ್ಲ. ಹಿಮ ಅನ್ನೋದು ನಿನಗೆ ಯಾವಾಗ್ಲೂ ಒಳ್ಳೇ ನೆಪ."

ಭಾನುವಾರ ಬೆಳಿಗ್ಗೆ ಏಳಕ್ಕೆ ಹಿಮ ಸುರಿಯತೊಡಗಿತು.

ಸೆರಾಫೀನಾ ಕಿಟಕಿಯಿಂದ ಹೊರಗೆ ನೋಡಿದಳು. ಆಮೇಲೆ ಗಂಡನ ಮೊಣಕಾಲಿನ ಕಡೆ ನೋಡಿದಳು. ಗಸಗಸೆ, ಅಕ್ರೋಟುಗಳ ಹೂರಣ ತುಂಬಿದ ಸಿಹಿ ರೊಟ್ಟಿಗಳನ್ನು ದೊಡ್ಡ ತಗಡಿನ ತಟ್ಟೆಯಲ್ಲಿ ಜೋಡಿಸಿ, ಬಿಳಿ ಬಟ್ಟೆ ಮುಚ್ಚಿ, ಹಬ್ಬದ ಕೋಟು ತೊಟ್ಟು ಸಿದ್ಧಳಾದಳು.

ವೆಂಡೆಲೀನ್ ಕೊಟ್ಟಿಗೆಯಿಂದ ಕಾರು ಹೊರತೆಗೆದ. ಚಕ್ರಗಳಿಗೆ ಚಳಿಗಾಲದ ಟೈರುಗಳಿದ್ದವು. ಅಷ್ಟು ಎಚ್ಚರ ಅವನಿಗಿತ್ತು. ಇನ್ನೊಂದು ಎಚ್ಚರವೂ ಇತ್ತು, ಅದೇ ಮುಂದೆ ಮುಳುವಾಯಿತು. ಅಪ್ಪಂದಿರ ಕಾಲದಲ್ಲಿ ಲೂಚ್ಕಾದಲ್ಲಿದ್ದ ಕಾರುಗಳಿಗೆಲ್ಲ ಎಂಜಿನ್ ಹಿಂಬದಿಯಲ್ಲಿ. ಮೂತಿ ಹಗುರವಾದ್ದರಿಂದ ಹಿಮದಲ್ಲಿ ಸ್ಟಿಯರಿಂಗ್ ತಿರುಗಿಸಿದರೂ ಕಾರು ನೆಟ್ಟಗೆ ಹೋಗಿ ಚರಂಡಿ ಸೇರುತ್ತಿತ್ತು. ಅದಕ್ಕಾಗಿ ಮೂತಿಯೊಳಗೆ ಮರಳಿನ ಮೂಟೆ ಇಡುವುದು ರೂಢಿಯಾಯಿತು. "ಮೊದಲ ಹಿಮಕ್ಕೆ ಮುಂದೆ ಮೂಟೆ" ಎಂದು ಮಕ್ಕಳು ಕೂಡ ಹೇಳುವ ಮಾತು. ಕಾರುಗಳು ಬದಲಾದವು, ಮಾತು ಉಳಿಯಿತು. ಲಾರಿಯ ಮೇಲೆ ಅಷ್ಟು ವರ್ಷ ಕಳೆದವನಿಗೂ ತನ್ನ ಸ್ವಂತ ಕಾರು ಎಂದಾಗ ನೆನಪಿಗೆ ಬಂದದ್ದು ಅಪ್ಪನ ಮಾತೇ. ಹಸಿರು ಕಾರಿನ ಮೂತಿಯೊಳಗೆ ಎಂಜಿನ್ ತುಂಬಿಕೊಂಡಿತ್ತು. ಆದುದರಿಂದ ವೆಂಡೆಲೀನ್ ಜಲ್ಲಿಪುಡಿಯ ಎರಡು ಮೂಟೆಗಳನ್ನು ಹೆಂಡತಿ ಕಾಲಿಡುವಲ್ಲಿ ತುರುಕಿದ.

"ನನ್ನ ಕಾಲು ಎಲ್ಲಿಡ್ಲಿ?"

"ಮೂಟೆ ಮೇಲಿಡು."

"ಗದ್ದಕ್ಕೆ ಮೊಣಕಾಲು ತಾಗುತ್ತೆ ಮಹಾರಾಯ. ತಟ್ಟೆ ಎಲ್ಲಿಡ್ಲಿ?"

"ಮೊಣಕಾಲ ಮೇಲಿಡು. ಒಂದು ಗಂಟೆ ಅಷ್ಟೇ. ಕಾರಿಗೆ ಮುಂದೆ ಭಾರ ಬೇಕು ಕಣೆ, ನಿನಗೆ ಗೊತ್ತಾಗಲ್ಲ."

ಎಂಟೂವರೆಗೆ ಹೊರಟರು. ಊರೊಳಗೆ ಕಾರು ಸರಿಯಾಗಿಯೇ ಹೋಯಿತು. ಘಾಟಿಯ ಮೊದಲ ತಿರುವಿನಲ್ಲಿ ಹಿಂಭಾಗ ಸ್ವಲ್ಪ ಸೊಂಟ ಕುಣಿಸಿತು. ವೆಂಡೆಲೀನ್ ಸ್ಟಿಯರಿಂಗನ್ನು ಅದು ಜಾರಿದ ಕಡೆಗೇ ತಿರುಗಿಸಿ ಸರಿಪಡಿಸಿದ, ಒಳಗೊಳಗೆ ಹಿಗ್ಗಿದ. ನಾಲ್ಕನೆಯ ತಿರುವಿನ ಹೊತ್ತಿಗೆ ಹಿಗ್ಗು ಇಳಿದಿತ್ತು. ಎಷ್ಟು ಮೆಲ್ಲಗೆ ಒತ್ತಿದರೂ ಹಿಂದಿನ ಚಕ್ರಗಳು ಸುಮ್ಮನೆ ಸುತ್ತುತ್ತಿದ್ದವು. ಕಾರು ಏಡಿಯಂತೆ ಅಡ್ಡಡ್ಡ ಹತ್ತುತ್ತಿತ್ತು. ಎಂಟನೆಯ ತಿರುವಿನಲ್ಲಿ ಎಂಜಿನ್ ಕಿರುಚಿತು, ಹಿಂಭಾಗ ಬಲಕ್ಕೆ ಸರ್ರನೆ ಜಾರಿ ಬದಿಯ ಹಿಮದ ರಾಶಿಗೆ ಕುಂಡೆಯೂರಿ ಕುಳಿತಿತು. ಮುಂದಕ್ಕೆ ಒತ್ತಿದರೆ ಚಕ್ರ ಇನ್ನಷ್ಟು ಕೆಳಗೆ ಕೊರೆಯಿತು; ಹಿಂದಕ್ಕೆ ಹೋಗಲು ರಾಶಿ ಬಿಡಲಿಲ್ಲ.

"ನಿಂತಿತಾ?" ಎಂದಳು ಸೆರಾಫೀನಾ.

"ನಿಂತಿಲ್ಲ. ಯೋಚನೆ ಮಾಡ್ತಿದೆ."

ಅವಳ ಬದಿಯ ಬಾಗಿಲು ಹಿಮದ ರಾಶಿಗೆ ಒತ್ತಿಕೊಂಡಿತ್ತು, ಬೆರಳಗಲವೂ ತೆರೆಯಲಿಲ್ಲ. ಆ ತಿರುವಿನಲ್ಲಿ ಫೋನ್ ಕೆಲಸ ಮಾಡದೆಂಬುದು ವೆಂಡೆಲೀನನಿಗೆ ಗೊತ್ತು. ಆದರೂ ತೆಗೆದು ನೋಡಿದ. ಗಂಟೆ ಒಂಬತ್ತೂ ಹತ್ತು. ಇಳಿದು ಕೈಯಿಂದಲೇ ಹಿಮ ಬಗೆಯೋಣವೆಂದು ತನ್ನ ಬದಿಯ ಬಾಗಿಲನ್ನು ತೆರೆಯುವಷ್ಟರಲ್ಲಿ ಕೆಳಗಿನಿಂದ ಒಂದು ಸದ್ದು ಬಂತು. ಕಬ್ಬಿಣ ಕಲ್ಲಿಗೆ ಉಜ್ಜುವ ಸದ್ದು. ನಿದ್ದೆಯಲ್ಲಿ ಕೇಳಿದರೂ ಗುರುತು ಹಿಡಿಯುವಂಥದ್ದು.

"ದ್ರಾಹೋಶ್ ಬರ್ತಿದಾನೆ!" ಸೆರಾಫೀನಾಳ ಮುಖ ಅರಳಿತು. ದ್ರಾಹೋಶ್ ಎಂದರೆ ವೆಂಡೆಲೀನ್ ಎಂಟು ವರ್ಷ ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದ ಶಿಷ್ಯ. ಈಗ ಲಾರಿ ಅವನದು. "ಸದ್ಯ! ಕೈ ಬೀಸು, ನಿಲ್ಲಿಸ್ತಾನೆ."

ವೆಂಡೆಲೀನ್ ಕೈ ಬೀಸಲಿಲ್ಲ. ಬಾಗಿಲನ್ನು ಎಳೆದು ಮುಚ್ಚಿದ.

"ಕಿಟಕಿ ಗಾಜು ಪೂರ್ತಿ ಏರಿಸಿದೆಯಾ ನೋಡು" ಎಂದ.

"ಯಾಕೆ?"

"ನಿಲ್ಲಿಸಲ್ಲ ಅವನು. ಏರಿನಲ್ಲಿ ಲಾರಿ ನಿಂತರೆ ಮತ್ತೆ ಎತ್ತಕ್ಕಾಗಲ್ಲ, ದಾರಿಯೆಲ್ಲಾ ಬಂದ್ ಆಗುತ್ತೆ. 'ಏರಿನಲ್ಲಿ ಹೆತ್ತ ತಾಯಿ ಕೈ ಅಡ್ಡ ಹಾಕಿದ್ರೂ ನಿಲ್ಲಿಸಬೇಡ. ಎರಡು ಸಲ ಹಾರ್ನ್ ಹೊಡಿ, ನೆತ್ತಿಗೆ ಹೋಗಿ ತಿರುಗಿಸ್ಕೊಂಡು ಬಂದು ಮಾತಾಡಿಸು.' ನಾನೇ ಕಲಿಸಿದ್ದು."

ಕಿತ್ತಳೆ ಬಣ್ಣದ ಲಾರಿ ತಿರುವು ದಾಟಿ ಬಂತು. ದ್ರಾಹೋಶ್ ಹಸಿರು ಕಾರನ್ನು ಕಂಡ. ಅವನ ಬಾಯಿ ತೆರೆದುಕೊಂಡದ್ದು ವೆಂಡೆಲೀನನಿಗೆ ಕಾಣಿಸಿತು. ಲಾರಿಯನ್ನು ಆದಷ್ಟು ಎಡಕ್ಕೆ ತೆಗೆದುಕೊಂಡ. ಆದರೆ ಹಲಗೆ ಓರೆಯಾಗಿರುವುದು ಹಿಮವನ್ನು ಬಲಕ್ಕೆ ಎಸೆಯಲೆಂದೇ. ಎರಡು ಸಲ ಹಾರ್ನ್ ಕೂಗಿತು. ಮರುಗಳಿಗೆಯಲ್ಲಿ ಬಿಳಿಯ ಅಲೆಯೊಂದು ಎದ್ದು ಬಂದು ಕಾರಿನ ಎಡಬದಿಗೆ, ಗಾಜಿಗೆ, ಮಾಡಿಗೆ ಧೊಪ್ಪೆಂದು ಬಡಿಯಿತು. ಕಾರು ನಡುಗಿತು. ಒಳಗೆ ಬೆಳಕು ಹಾಲು ಕದಡಿದಂತೆ ಮಂಕಾಯಿತು. ಲಾರಿಯ ಸದ್ದು ಮೇಲೆ ಮೇಲೆ ಹೋಗಿ ಅಡಗಿತು.

ವೆಂಡೆಲೀನ್ ಕೂಡಲೇ ಎಂಜಿನ್ ಆರಿಸಿದ. ಹೊಗೆಕೊಳವೆ ಹಿಮದಲ್ಲಿ ಹೂತಿರುವಾಗ ಎಂಜಿನ್ ಓಡಿದರೆ ಒಳಗಿನವರು ಮಲಗಿದಲ್ಲೇ ಮಲಗಿಬಿಡುತ್ತಾರೆ. ಅಂಥ ಒಂದು ಕಾರನ್ನು ಅವನು ತನ್ನ ಹಲಗೆಯ ಮುಂದೆಯೇ ಕಂಡಿದ್ದ. ಆಮೇಲೆ ಬಾಗಿಲನ್ನು ಭುಜದಿಂದ ನೂಕಿದ. ಗೋಡೆಯನ್ನು ನೂಕಿದಂತಾಯಿತು. ಆ ಬದಿಯಲ್ಲಿ ಹಳೆಯ ಹಿಮದ ರಾಶಿ, ಈ ಬದಿಯಲ್ಲಿ ಹೊಸದು. ಕೈ ಚಾಚಿದರೆ ಹೆಂಡತಿಯ ತಟ್ಟೆ, ತಲೆ ಎತ್ತಿದರೆ ಬಟ್ಟೆಯ ಮಾಡು. ಅದೂ ಭಾರಕ್ಕೆ ತಗ್ಗಿ ಅವನ ಟೋಪಿಯನ್ನು ಒತ್ತುತ್ತಿತ್ತು.

ಉಸಿರಿಗೆ ಗಾಜು ಮಂಜಾಯಿತು.

"ಎಷ್ಟು ಜನಕ್ಕೆ ಹೀಗೆ ಮಾಡಿದ್ದೀಯ ನೀನು?" ಸೆರಾಫೀನಾ ಕೇಳಿದಳು. ಜಗಳದ ದನಿಯಲ್ಲ, ನಿಜವಾಗಿಯೂ ತಿಳಿಯಬೇಕಿತ್ತು.

ವೆಂಡೆಲೀನ್ ಲೆಕ್ಕ ಹಾಕಲು ಹೋಗಲಿಲ್ಲ. ಅಂಚೆಯ ಹೆಂಗಸು ನೆನಪಾದಳು. ಅವಳು ಮರುದಿನ ಅವನ ಮನೆಗೆ ಬಂದು ಗೇಟಿನಲ್ಲೇ ನಿಂತು ಬೈದುಹೋಗಿದ್ದಳು. ಒಬ್ಬ ವೈದ್ಯರು ನೆನಪಾದರು. ಎಲ್ಲರಿಗೂ ಎರಡು ಸಲ ಹಾರ್ನ್ ಹೊಡೆದಿದ್ದ. ಹಾರ್ನ್ ಹೊಡೆದರೆ ತನ್ನ ಕೆಲಸ ಮುಗಿಯಿತೆಂದೇ ತಿಳಿದಿದ್ದ. ಒಳಗಿನಿಂದ ಆ ಹಾರ್ನ್ ಹೇಗೆ ಕೇಳಿಸುತ್ತದೆಂದು ಇಂದೇ ಗೊತ್ತಾದದ್ದು.

"ವಾಪಸ್ ಬರ್ತಾನೆ," ಎಂದ. "ನೆತ್ತಿಗೆ ಹೋಗಿ, ಅಲ್ಲಿ ತಿರುಗೋ ಜಾಗ ಗೋರಿ, ಜಲ್ಲಿ ಹಾಕಿ... ಒಂದೂಕಾಲು ಗಂಟೆ, ಒಂದೂವರೆ ಗಂಟೆ."

"ಆಮೇಲೆ?"

"ಆಮೇಲೆ ಎಳೀತಾನೆ. ಕೆಳಗಡೆಗೆ. ಇಳಿಯೋ ಲಾರಿ ಮೇಲಕ್ಕೆ ಎಳೆಯಲ್ಲ."

"ಅಂದ್ರೆ ಮನೆಗೆ."

ವೆಂಡೆಲೀನ್ ಮಂಜಾದ ಗಾಜನ್ನು ತೋಳಿನಿಂದ ಒರೆಸಿದ.

"ನನ್ನ ಕಾಲು ಮರಗಟ್ಟಿ ಹೋಗಿವೆ," ಎಂದಳು ಸೆರಾಫೀನಾ. "ನಿನ್ನ ಈ ಮೂಟೆ ಮೇಲೆ ಕೋಳಿ ಹಾಗೆ ಕೂತು ಒಂದು ಗಂಟೆ ಆಯ್ತು. ಮೂವತ್ತೊಂದು ವರ್ಷದಿಂದ ಹೀಗೇ ಕೂತಿದ್ದೀನಿ ಅನ್ನು. ಹಿಮ ಬಿತ್ತು ಅಂದ್ರೆ ನೀನು ಲಾರಿ ಮೇಲೆ, ನಾನು ಕಿಟಕಿ ಹತ್ರ. ಎತೆಲಾ ಮದುವೇಲಿ ಅವಳ ಪಕ್ಕ ಅಪ್ಪನ ಜಾಗದಲ್ಲಿ ಯಾರು ನಿಂತಿದ್ರು ಗೊತ್ತಾ? ಗುಸ್ತಾವ್. ನಿನ್ನ ಕೋಟು ಹಾಕ್ಕೊಂಡು. ಅವನದ್ದು ಬಿಗಿ ಆಗ್ತಿತ್ತು ಅಂತ ನಾನೇ ಕೊಟ್ಟೆ."

ಕೋಟಿನ ವಿಷಯ ವೆಂಡೆಲೀನನಿಗೆ ತಿಳಿದಿರಲಿಲ್ಲ. ಅವನು ಮುಂದಿನ ಗಾಜಿನ ಬಿಳುಪನ್ನೇ ನೋಡುತ್ತ ಕುಳಿತ. ಬಟ್ಟೆಯ ಮಾಡು ಇನ್ನೊಂದಿಷ್ಟು ತಗ್ಗಿತು.

"ಈ ಮೂಟೆ ಯಾವ ಕರ್ಮಕ್ಕೆ ಬಂತು, ಅದನ್ನಾದ್ರೂ ಹೇಳು," ಎಂದಳು ಅವಳು. "ಮುಂದೆ ಭಾರ, ಮುಂದೆ ಭಾರ ಅಂತೀಯ. ನಿನ್ನ ಲಾರೀಲಿ ಜಲ್ಲಿ ಮುಂದಿತ್ತಾ?"

ಈಗ ತಾನೇ ಪಕ್ಕದಲ್ಲಿ ಹಾದುಹೋದ ಲಾರಿ ವೆಂಡೆಲೀನನ ಕಣ್ಣಮುಂದೆ ಬಂತು. ಅದರ ಹಿಂಬದಿಯ ತೊಟ್ಟಿಯಲ್ಲಿ ತುಂಬಿ ತುಳುಕುವ ಜಲ್ಲಿಪುಡಿ. ತೊಟ್ಟಿ ಖಾಲಿಯಾದ ದಿನ ಅದೇ ಲಾರಿ ಇದೇ ಏರಿನಲ್ಲಿ ಕಾಲು ಜಾರುವ ಮುದುಕಿಯಂತಾಗುತ್ತಿದ್ದುದು ನೆನಪಾಯಿತು. ನೂಕುವ ಚಕ್ರ ಹಿಂದಿದ್ದರೆ ಅದರ ನೆತ್ತಿಯ ಮೇಲೆ ಭಾರವಿರಬೇಕು. ಮೂವತ್ತೊಂದು ವರ್ಷ ಅವನನ್ನು ಮೇಲೆ ಹತ್ತಿಸಿದ್ದು ಅದೇ ಎಂಟು ಟನ್. ಅದನ್ನು ತಿಳಿದವನು ಅಪ್ಪನ ಕಾರಿನ ಬುದ್ಧಿಯನ್ನು ಈ ಕಾರಿಗೆ ಹಚ್ಚಿ, ಹೆಂಡತಿಯ ಕಾಲನ್ನೂ ಮರಗಟ್ಟಿಸಿ, ಇಲ್ಲಿಗೆ ತಂದು ಹೂತಿದ್ದ.

"ಕತ್ತೆ ನಾನು," ಎಂದ.

"ಅದು ಗೊತ್ತಿತ್ತು. ಈಗೇನು ಮಾಡ್ತೀಯ ಹೇಳು."

"ತಟ್ಟೆ ಗಟ್ಟಿಯಾಗಿ ಹಿಡ್ಕೊ. ಮಾಡು ಬಿಚ್ತೀನಿ."

ಗಾಜಿನ ಮೇಲಂಚಿನ ಎರಡು ಕೊಂಡಿಗಳನ್ನು ಬಿಚ್ಚಿ ಬಟ್ಟೆಯ ಮಾಡನ್ನು ಮೇಲಕ್ಕೆ ನೂಕಿದ. ಮೊದಲು ಅಲುಗಲಿಲ್ಲ. ಎರಡನೆಯ ಸಲ ಇಬ್ಬರೂ ಸೇರಿ ನೂಕಿದರು. ಎಲ್ಲೋ ಒಂದು ಸರಳು ಲಟಕ್ಕೆಂದಿತು. ಮೇಲಿದ್ದ ಹಿಮವೆಲ್ಲ ದೊಡ್ಡ ಚೀಲ ಸುರಿದಂತೆ ಅವರ ತಲೆಗಳ ಮೇಲೆ, ಕೊರಳೊಳಗೆ, ಸಿಹಿ ರೊಟ್ಟಿಗಳ ಮೇಲೆ ಬಿತ್ತು. ಸೆರಾಫೀನಾ ಒಮ್ಮೆ ಚೀರಿ, ಆಮೇಲೆ ನಗತೊಡಗಿದಳು. ನಿಲ್ಲಿಸಲಾಗದ ನಗೆ. "ಸಕ್ಕರೆಪುಡಿ ಉದುರಿಸೋದು ಮರೆತಿದ್ದೆ, ನೀನು ಉದುರಿಸಿದೆ" ಎಂದಳು.

ಆಸನದ ಮೇಲೆ ನಿಂತು, ಒಬ್ಬರನ್ನೊಬ್ಬರು ನೂಕಿ, ಎಳೆದು, ಇಬ್ಬರೂ ಮೇಲಿನಿಂದ ಹೊರಬಿದ್ದರು. ಸಿಹಿ ರೊಟ್ಟಿಗಳನ್ನು ಬಟ್ಟೆಯಲ್ಲಿ ಗಂಟು ಕಟ್ಟಿ, ಆ ತಗಡಿನ ತಟ್ಟೆಯಿಂದಲೇ ವೆಂಡೆಲೀನ್ ಹಿಮ ಬಗೆಯತೊಡಗಿದ. ಹಲಗೆ ಎಸೆದ ಹಿಮ ಹೇಗೆ ಕೂರುತ್ತದೆ, ಎಲ್ಲಿ ಗಟ್ಟಿ, ಎಲ್ಲಿ ಪೊಳ್ಳು ಎಂಬುದು ಅವನಿಗಲ್ಲದೆ ಇನ್ಯಾರಿಗೆ ಗೊತ್ತು? ಬಾಗಿಲ ಬದಿಯನ್ನು ಮುಟ್ಟಲಿಲ್ಲ. ಅದಕ್ಕೆ ಹೊತ್ತು ಸಾಲದು. ಮುಂದಿನ ಚಕ್ರಗಳಿಂದ ಲಾರಿ ಗೋರಿಹೋದ ಹಾದಿಯವರೆಗೆ ಮೂರು ಮಾರು ದಾರಿ ಬಿಡಿಸಿದ. ಹೊಗೆಕೊಳವೆಯ ಬಾಯಿ ಬಿಡಿಸಿದ. ಮೂಟೆಗಳನ್ನು ಎತ್ತಿ ಹಿಂದಿನ ಡಿಕ್ಕಿಯಲ್ಲಿ ಇಟ್ಟ. ಒಂದನ್ನು ಬಿಚ್ಚಿ ಅರ್ಧದಷ್ಟು ಜಲ್ಲಿಪುಡಿಯನ್ನು ಹಿಂದಿನ ಚಕ್ರಗಳ ಮುಂದೆ ಎರಚಿದ. ಆಮೇಲೆ ಹೆಂಡತಿಯ ಕಡೆ ನೋಡಿ ಸ್ವಲ್ಪ ಸಂಕೋಚದಿಂದ ನಿಂತ.

"ಏನು?" ಎಂದಳು ಸೆರಾಫೀನಾ.

"ಇನ್ನೂ ಸ್ವಲ್ಪ ಭಾರ ಬೇಕಿತ್ತು. ಹಿಂದೆ."

ಅವಳಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. "ಸಣ್ಣ ಆಗು, ಸಣ್ಣ ಆಗು ಅಂತ ನೀನೇ ಎಷ್ಟು ವರ್ಷ ಹೇಳಿದೆ?" ಎನ್ನುತ್ತ, ಹಬ್ಬದ ಕೋಟು ಮುದುರಿಕೊಂಡು, ತೆರೆದ ಡಿಕ್ಕಿಯ ಅಂಚಿನಲ್ಲಿ ರಸ್ತೆಗೆ ಮುಖಮಾಡಿ ಕುಳಿತಳು. ಮಡಿಲಲ್ಲಿ ಸಿಹಿ ರೊಟ್ಟಿಯ ಗಂಟು. "ಹೊಡಿ ಗಾಡಿ! ಬಿದ್ದರೆ ನಿನ್ನ ಮೊಣಕಾಲೇ ಮುರೀತೀನಿ."

ಕಾರು ನಡುಗಿತು, ಹಿಂಭಾಗ ತಗ್ಗಿತು, ಚಕ್ರಗಳು ಜಲ್ಲಿಯನ್ನು ಕಚ್ಚಿದವು. ಮೂರು ಮಾರು ಹಿಮ ದಾಟಿ ಹಾದಿಗೆ ಏರಿತು. ವೆಂಡೆಲೀನ್ ನಿಲ್ಲಿಸಲಿಲ್ಲ. ಏರಿನಲ್ಲಿ ನಿಲ್ಲಿಸಬಾರದು. ಮಾಡಿಲ್ಲದ ಕಾರು, ಹಿಂದಕ್ಕೆ ಮುಖ ಮಾಡಿ ಕುಳಿತ ಹೆಂಗಸು. ಉಳಿದ ಮೂರು ತಿರುವುಗಳನ್ನು ಅವರು ಹಾಗೆಯೇ ಹತ್ತಿದರು.

ನೆತ್ತಿಯಲ್ಲಿ ದ್ರಾಹೋಶ್ ಆಗಷ್ಟೇ ಲಾರಿ ತಿರುಗಿಸಿ ನಿಲ್ಲಿಸಿದ್ದ. ಅವರನ್ನು ಕಂಡು ಮೇಲಿನಿಂದ ಹಾರಿಬಂದ. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಮೇಸ್ತ್ರೀ, ನೋಡಿದೆ... ಕಾಲು ಬ್ರೇಕಿನ ಮೇಲೇ ಹೋಗಿತ್ತು. ನಿಮ್ಮ ಮಾತು ನೆನಪಾಯ್ತು."

"ಸರಿಯಾಗೇ ಮಾಡಿದೆ ಬಿಡು," ಎಂದ ವೆಂಡೆಲೀನ್. ಆಮೇಲೆ, "ದೇವರು ನಿನ್ನ ಬಾಯಿಗೆ ಮಣ್ಣು ಹಾಕ" ಎಂದೂ ಸೇರಿಸಿದ.

ಎದುರಿಗೆ ಬಿಳಿ ಫಲಕ. ಅದರ ಆಚೆ ರಸ್ತೆಯೇ ಇರಲಿಲ್ಲ. ಬದಿಯ ಕಂಬಗಳ ತುದಿಗಳು ಮಾತ್ರ ಬಿಳುಪಿನಲ್ಲಿ ಸಾಲಾಗಿ ಇಳಿದುಹೋಗಿದ್ದವು.

"ಆ ಕಡೆಯೋರ ಲಾರಿ ಇನ್ನೂ ಬಂದಿಲ್ಲ," ಎಂದ ದ್ರಾಹೋಶ್. "ಹನ್ನೆರಡಕ್ಕೆ ಬರ್ತಾರಂತೆ. ನನ್ನ ಜೊತೆ ಕೆಳಗೆ ಬಂದುಬಿಡಿ. ಕಾರು ಇಲ್ಲೇ ಇರಲಿ."

ಗಂಟೆ ಹತ್ತೂಮುಕ್ಕಾಲು. ವೆಂಡೆಲೀನ್ ಫಲಕ ನೋಡಿದ, ಲಾರಿಯ ಹಲಗೆ ನೋಡಿದ. ಮೂರು ಕಿಲೋಮೀಟರ್ ಗೋರಿದರೆ ಸಾಕು, ಕೆಳಗೆ ಕಾಡಿನ ಮರೆಯಲ್ಲಿ ಹಿಮ ಕಡಿಮೆ. ಮಾತು ತುಟಿಯವರೆಗೆ ಬಂತು.

ದ್ರಾಹೋಶ್ ಅವನ ಮುಖ ನೋಡಿದವನು ತಲೆ ತಗ್ಗಿಸಿದ. "ಕೇಳಬೇಡಿ ಮೇಸ್ತ್ರೀ. ನೀವು ಕೇಳಿದ್ರೆ ನಾನು ಹೋಗೇಬಿಡ್ತೀನಿ. ಅದಕ್ಕೇ ಹೇಳ್ತಿದ್ದೀನಿ, ಕೇಳಬೇಡಿ."

ಆರು ವರ್ಷದ ಹಿಂದೆ ಇದೇ ಜಾಗದಲ್ಲಿ ನಿಂತು ಮಗಳಿಗೆ ಹೇಳಿದ ಮಾತು ವೆಂಡೆಲೀನನಿಗೆ ನೆನಪಾಯಿತು. ಈ ಹುಡುಗನಿಗೆ ಆಗುತ್ತಿರುವ ಸಂಕಟದಲ್ಲಿ ಹತ್ತರಲ್ಲಿ ಒಂದು ಪಾಲೂ ಅಂದು ತನಗೆ ಆಗಿರಲಿಲ್ಲ.

"ಕೇಳಲ್ಲಪ್ಪ," ಎಂದ. "ಎರಡು ಸಲಿಕೆ ಜಲ್ಲಿ ಕೊಡು, ಸಾಕು."

ದ್ರಾಹೋಶ್ ಎರಡಲ್ಲ, ಹತ್ತು ಸಲಿಕೆ ಹಾಕಿದ. ಡಿಕ್ಕಿ ತುಂಬಿತು. ಸೆರಾಫೀನಾ ಆಸನಕ್ಕೆ ಬಂದು ಕಾಲು ಉದ್ದಕ್ಕೆ ಚಾಚಿ, "ಅಬ್ಬ" ಎಂದಳು. ಮಾಡನ್ನು ಮುಚ್ಚಲು ಮೂವರೂ 'ಐಸಾ' ಎಂದು ಎಳೆದರು. ಮುರಿದ ಸರಳಿನ ಸಂದಿಯಲ್ಲಿ ಹಿಮ ಹೆಪ್ಪುಗಟ್ಟಿ ಅದು ಬರಲೊಲ್ಲದು. ವೆಂಡೆಲೀನ್ ಕೂರುವ ಎಡಬದಿಯ ಬಾಗಿಲೂ ಲಾರಿಯೆಸೆದ ಹಿಮದ ಪೆಟ್ಟಿಗೆ ಒಳಬಾಗಿ ಕಚ್ಚಿಕೊಂಡಿತ್ತು. ಇರಲಿ ಎಂದುಕೊಂಡರು. ವೆಂಡೆಲೀನ್ ಕೋಟಿನ ಕಾಲರು ಎತ್ತಿ, ಎರಡನೆಯ ಗೇರಿಗೆ ಹಾಕಿದ. ಫಲಕ ಅವನ ಭುಜದ ಪಕ್ಕದಲ್ಲಿ ನಿಧಾನವಾಗಿ ಹಿಂದೆ ಸರಿಯಿತು.

ಇಳಿತ ಸುಲಭವಾಗಿರಲಿಲ್ಲ. ಬ್ರೇಕು ಮುಟ್ಟುವಂತಿಲ್ಲ, ಎಂಜಿನ್ನೇ ಹಿಡಿದು ಇಳಿಸಬೇಕು. ಹಿಂಭಾಗ ಜಾರಿದಾಗ ಬೆದರದೆ, ಜಾರಿದ ಕಡೆಗೆ ಸ್ಟಿಯರಿಂಗ್ ಕೊಟ್ಟು, ಅದು ತಾನಾಗಿ ಹಿಂದಿರುಗುವುದನ್ನು ಕಾಯಬೇಕು. ಎರಡು ಸಲ ಕಾರು ರಸ್ತೆಗೆ ಅಡ್ಡವಾಗಿ ನಿಂತಿತು. ಎರಡು ಸಲವೂ ಸೆರಾಫೀನಾ ಇಳಿದು, ತಟ್ಟೆಯಿಂದ ಹಿಮ ಬಗೆದು, ಹಿಡಿ ಹಿಡಿಯಾಗಿ ಜಲ್ಲಿ ಎರಚಿದಳು. ಮೂರನೆಯ ಕಿಲೋಮೀಟರಿನಲ್ಲಿ ರಸ್ತೆ ಬದಿಗೆ ಒಂದು ಚಪ್ಪಟೆ ಬಯಲು. "ಮದುವೆ ದಿನ ಇಲ್ಲೇ ಅವರ ಕಾರುಗಳು ನಿಂತಿದ್ದು," ಎಂದಳು ಅವಳು. ವೆಂಡೆಲೀನ್ ಟೋಪಿ ಮುಟ್ಟಿಕೊಂಡ. ಹೊತ್ತು ಹನ್ನೊಂದು ದಾಟಿತ್ತು. ಕೆಳಗೆ ಬೆಲಾದ ಚರ್ಚಿನ ಗಂಟೆ ಬಾರಿಸುತ್ತಿತ್ತು. ಕಾಡಿನೊಳಗಿಂದ ಅದು ಬಹಳ ದೂರದ್ದೆಂಬಂತೆ ಕೇಳಿಸಿತು.

ಚರ್ಚಿನ ಮುಂದೆ ಕಾರು ನಿಂತಾಗ ಹನ್ನೆರಡಕ್ಕೆ ಹತ್ತು ನಿಮಿಷ. ಜನ ಹೊರಬರುತ್ತಿದ್ದರು. ಪಾದ್ರಿಗಳು ಆಗಲೇ ತಮ್ಮ ಕಾರು ಹತ್ತಿದ್ದರು. ಮೆಟ್ಟಿಲ ಮೇಲೆ ಬಿಳಿಯ ಹೊದಿಕೆಯಲ್ಲಿ ಮಗುವನ್ನು ಎತ್ತಿಕೊಂಡ ಎತೆಲಾ. ಪಕ್ಕದಲ್ಲಿ ಅಳಿಯ, ಬೀಗರು. ಎಲ್ಲರೂ ತಿರುಗಿ ನೋಡಿದರು. ಮಾಡಿಲ್ಲದ ಹಸಿರು ಕಾರು, ಅದರೊಳಗೆ ಹುಬ್ಬಿನವರೆಗೆ ಬಿಳಿಯಾಗಿ ಕುಳಿತ ಇಬ್ಬರು ಹಿಮದ ಬೊಂಬೆಗಳು.

ವೆಂಡೆಲೀನ್ ಬಾಗಿಲು ನೂಕಿದ. ಅದು ಅಲುಗಲಿಲ್ಲ. ಮೇಲಿನಿಂದ ಏಳಲು ನೋಡಿದ; ಮೊಣಕಾಲುಗಳು ಒಪ್ಪಲಿಲ್ಲ. ಸೇದಬೇಕಾದ ಸೆರಾಫೀನಾಳ ಬೆರಳುಗಳೂ ಚಳಿಗೆ ಮರಗಟ್ಟಿದ್ದವು. ಅವನು ಅಲ್ಲೇ ಕುಳಿತು, ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡು, ಮಗಳು ಮೆಟ್ಟಿಲಿಳಿದು ಬರುವುದನ್ನು ನೋಡಿದ.

ಎತೆಲಾ ಕಾರಿನ ಪಕ್ಕ ನಿಂತಳು. ಒಳಬಾಗಿದ ಬಾಗಿಲು, ಜಲ್ಲಿ ತುಂಬಿದ ಡಿಕ್ಕಿ, ಅಮ್ಮನ ಟೋಪಿಯ ಮೇಲಿನ ಹಿಮ, ಎಲ್ಲವನ್ನೂ ನೋಡಿದಳು. ಆಮೇಲೆ ತಲೆಯೆತ್ತಿ, ಯಾರೂ ಗೋರದ ಘಾಟಿಯ ಕಡೆ ನೋಡಿದಳು. ಅಲ್ಲಿಂದ ಒಂದೇ ಒಂದು ಕಾರಿನ ಚಕ್ರದ ಗುರುತು, ಹಾವು ಹರಿದಂತೆ ಅಂಕುಡೊಂಕಾಗಿ ಇಳಿದುಬಂದಿತ್ತು.

"ಮುಗೀತು ಅಪ್ಪ," ಎಂದಳು. "ಮಗೂಗೆ ನೀರು ಹಾಕಿ ಅರ್ಧ ಗಂಟೆ ಆಯ್ತು."

"ಗೊತ್ತು ಮಗಳೇ. ಶನಿವಾರ ಬರಬೇಕಿತ್ತು. ಮೊಣಕಾಲಿನದು ತಪ್ಪಲ್ಲ, ನನ್ನದೇ."

"ಫಲಕದ ಆಚೆಯಿಂದ ಬಂದ್ಯಾ?"

"ಹೂಂ."

"ಆ ಕಡೆಯೋರು ಗೋರಿರಲಿಲ್ಲ."

"ಗೋರಿರಲಿಲ್ಲ."

ಎತೆಲಾ ಮೂಗು ಒರೆಸಿಕೊಂಡಳು. "ಇಳಿ ಮತ್ತೆ. ಎಲ್ಲಾ ನೋಡ್ತಿದಾರೆ."

"ಇಳಿಯಕ್ಕೆ ಆಗ್ತಿಲ್ಲ ಕಣೆ. ಸಿಕ್ಕಾಕೊಂಡಿದ್ದೀನಿ."

ಅವಳು ತಾಯಿಯ ಕಡೆ ನೋಡಿದಳು. ಸೆರಾಫೀನಾ ಗಂಟಲ್ಲಿದ್ದ ಸಿಹಿ ರೊಟ್ಟಿಯೊಂದನ್ನು ಮುರಿದು ಬಾಯಿಗೆ ಹಾಕಿಕೊಳ್ಳುತ್ತ, "ನಿಜ ಕಣೆ, ಬೆಳಿಗ್ಗೆಯಿಂದಲೂ" ಎಂದಳು.

ಎತೆಲಾ ಬಗ್ಗಿದಳು. "ಹಿಮ ಒರೆಸ್ಕೊ ಮೊದಲು," ಎಂದಳು. ವೆಂಡೆಲೀನ್ ಎರಡೂ ಕೈಗಳನ್ನು ಕೋಟಿನ ಒಳಬದಿಗೆ ಒರೆಸಿಕೊಂಡ. ಮೇಲಿನಿಂದಲೇ, ಬಾವಿಗೆ ಬಿಂದಿಗೆ ಇಳಿಸುವಷ್ಟು ಜೋಪಾನವಾಗಿ, ಅವಳು ಮಗುವನ್ನು ಅವನ ಮಡಿಲಿಗೆ ಇಳಿಸಿದಳು. ಮಗುವಿನ ನೆತ್ತಿಯ ಕೂದಲು ಇನ್ನೂ ಒದ್ದೆಯಾಗಿತ್ತು. ವೆಂಡೆಲೀನ್ ತನ್ನ ಟೋಪಿಯನ್ನು ಕೊಡವಿ, ಅದರ ಬೆಚ್ಚಗಿನ ಒಳಬದಿಯನ್ನು ಆ ನೆತ್ತಿಯ ಮೇಲೆ ಹಿಡಿದ.

"ಗುಸ್ತಾವನ ಮೈಮೇಲೆ ನನ್ನ ಕೋಟು ಹೇಗಿತ್ತೇ?" ಎಂದು ಕೇಳಿದ.

"ದೊಗಲೆ," ಎಂದಳು ಎತೆಲಾ. ಅಷ್ಟು ಹೇಳಿ, ಅಪ್ಪನನ್ನು ಹೊರಗೆ ಎಳೆಯಲು ಗಂಡನನ್ನು ಕೂಗಿ ಕರೆದಳು.